ಕುಸುಬಿ ಬಣ್ಣದ ಪಗಡಿ

ಬಸವಕಲ್ಯಾಣ
೧೨ ಫೆಬ್ರವರಿ ೧೯೭೫

ಪ್ರೀತಿಯ ವೈಜನಾಥ ಸಾವಕಾರರಿಗೆ ರಂಗರೇಜ ಮೊಹಿನುದ್ದೀನ್ ಮಾಡುವ ಶರಣಾರ್ಥಿ ಮತ್ತು ಸಲಾಮು.

ನಿಮ್ಮ ತಂದೆ ಮಹಾರುದ್ರಪ್ಪ ಸಾವಕಾರರು ಹೋದ ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮೇಲೆ. ಹುಮನಾಬಾದ್ ಬಸ್ಸಿನ ಕಂಡಕ್ಟರ್ ನಮ್ಮ ಪಕ್ಕದ ಅಂಬುಬಾಯಿಯ ಭಟ್ಟಿಯಲ್ಲಿ ಚುರುಮುರಿ ಕಟ್ಟಿಸಿಕೊಳ್ಳುತ್ತ, "ನಿಮ್ಮ ಮಾಲಕರು ಹೋದ್ರಂತಲ್ರಿ" ಎಂದ. ನನ್ನ ಕೈ ಬಣ್ಣದ ಹಂಡೆಯಲ್ಲಿತ್ತು. ಹಾಗೇ ಕೂತುಬಿಟ್ಟೆ. ಕೂಡಲೇ ಹೊರಟು ಬರಬೇಕಾಗಿತ್ತು. ಹೆಂಡತಿ ಸರ್ದಾರಬಿಗೆ ಚಳಿಯಲ್ಲಿ ಉಬ್ಬಸ ಏಳುತ್ತದೆ, ಒಬ್ಬಳನ್ನೇ ಬಿಟ್ಟು ಬರುವ ಹಾಗಿರಲಿಲ್ಲ. ಮಾಫ್ ಮಾಡಿರಿ.

ನೀವು ಹುಮನಾಬಾದಿಗೆ ಹೋದಾಗ ಸಣ್ಣವರು, ನಾನು ನೆನಪಿದ್ದೇನೋ ಇಲ್ಲವೋ. ಕೋಟೆಗೆ ಹೋಗುವ ಬಜಾರಿನಲ್ಲಿ ನಿಮ್ಮ ಹಳೆಯ ಕಟ್ಟಡವಿದೆಯಲ್ಲ, ಅದರ ಕೆಳಗಿನ ಅಂಗಡಿ, ಹಿತ್ತಲಲ್ಲಿ ಬಾವಿ ಇರುವುದು, ಅದು ನನ್ನದು. ನಮ್ಮ ಅಬ್ಬಾ ಗಯಾಸುದ್ದೀನರು ನಿಮ್ಮ ಅಜ್ಜನವರಿಂದ ಹಿಡಿದ ಅಂಗಡಿ. ಮದುವೆಯ ಪಟಗ, ಸಾವಕಾರರ ರುಮಾಲು, ದೇವರ ಪಲ್ಲಕ್ಕಿಯ ಬಟ್ಟೆ, ಎಲ್ಲಕ್ಕೂ ಇಲ್ಲೇ ಬಣ್ಣ. ನೀವೊಮ್ಮೆ ಎರಡೂ ಕೈ ಹಂಡೆಯಲ್ಲಿ ಅದ್ದಿ, ಆ ಕೆಂಪು ಕೈಯಲ್ಲೇ ಸಾಲೆಗೆ ಹೋಗಿದ್ದಿರಿ. "ಯಾರನ್ನ ಕೊಂದು ಬಂದೀಲೇ ಮಗನ?" ಎಂದರಂತೆ ಮಾಸ್ತರರು. ನಿಮ್ಮ ತಂದೆ ಅದನ್ನು ಬಜಾರಿನ ತುಂಬ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು.

ನನ್ನ ಕನ್ನಡ ನೋಡಿ ನಗಬೇಡಿ. ನಾನು ಕಲಿತದ್ದು ಉರ್ದು. ನಮ್ಮ ಕಲ್ಯಾಣಿ ಬಸವಕಲ್ಯಾಣವಾಗಿ ಅಂಗಡಿಗಳ ಬೋರ್ಡುಗಳೆಲ್ಲ ಬದಲಾಗತೊಡಗಿದಾಗ ನಿಮ್ಮ ತಂದೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ಪಾಟಿ ಹಿಡಿದು ಅಕ್ಷರ ತಿದ್ದಿಸಿದರು. "ನಿನ್ನ ಬೋರ್ಡ್ ನಿನಗೇ ಓದಾಕ ಬರಲಿಲ್ಲಂದ್ರ ಹ್ಯಾಂಗೋ ಮೊಹಿನ್?" ಎನ್ನುತ್ತಿದ್ದರು. ಮೊಹಿನ್ ಎಂದು ಕರೆಯುವವರು ಇನ್ನು ಯಾರೂ ಉಳಿಯಲಿಲ್ಲ.

ಯುಗಾದಿ ಹತ್ತಿರ ಬಂತು. ಪ್ರತಿ ಯುಗಾದಿಗೆ ನಮ್ಮ ಅಂಗಡಿಯಿಂದ ನಿಮ್ಮ ಮನೆಗೆ ಸಲ್ಲುವ ಮರ್ಯಾದೆ ಒಂದಿದೆ. ನಿಮ್ಮ ತಂದೆ ಅದಕ್ಕೆಂದೇ ಬರುತ್ತಿದ್ದರು. ಈ ವರ್ಷದ್ದು ಅವರಿಗಾಗಿ ಆಗಲೇ ತಯಾರಾಗಿ ಸಂದೂಕದಲ್ಲಿದೆ. ಈಗ ಯಾರ ಕೈಗೆ ಕೊಡಲಿ, ಒಂದು ಮಾತು ಬರೆಯಿರಿ.

ನಿಮ್ಮ ಮೊಹಿನುದ್ದೀನ್


ಹುಮನಾಬಾದ್
೩ ಮಾರ್ಚ್ ೧೯೭೫

ಮೊಹಿನುದ್ದೀನ್ ಚಾಚಾ ಅವರಿಗೆ ವೈಜನಾಥನ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಮನಸ್ಸಿಗೆ ಸಮಾಧಾನವಾಯಿತು. ಕೆಂಪು ಕೈ ಚೆನ್ನಾಗಿ ನೆನಪಿದೆ. ಆ ಮಾಸ್ತರರ ಹೊಡೆತವೂ ನೆನಪಿದೆ, ಅದನ್ನು ಅಪ್ಪ ಯಾರಿಗೂ ಹೇಳಿರಲಿಕ್ಕಿಲ್ಲ.

ಅವ್ವನಿಗೆ ಪತ್ರ ಓದಿ ಹೇಳಿದೆ. ಸರ್ದಾರಬಿಯ ಉಬ್ಬಸಕ್ಕೆ ಆಡುಸೋಗೆ ಕಷಾಯ ಕೊಡಲು ಬರೆ ಎಂದಳು. ಈ ವರ್ಷ ನಮಗೆ ಹಬ್ಬವಿಲ್ಲ ಚಾಚಾ, ಯುಗಾದಿಗೆ ಸಿಹಿಗಿಹಿ ಏನೂ ಕಳಿಸಬೇಡಿ. ನಿಮ್ಮ ಮಾತೇ ಸಾಕು.

ಬೇಳೆ ಮಿಲ್ಲಿನ ಕೆಲಸ ಪೂರ್ತಿ ನನ್ನ ಮೇಲೆ ಬಿದ್ದಿದೆ. ಉಸಿರಾಡಲು ಪುರುಸೊತ್ತಿಲ್ಲ. ಬಿಡುವಾದಾಗ ಕಲ್ಯಾಣಕ್ಕೆ ಬಂದು ನಿಮ್ಮ ಕಟ್ಟೆಯ ಮೇಲೆ ಕೂತು ಚಹ ಕುಡಿದು ಹೋಗುತ್ತೇನೆ.

ನಿಮ್ಮ ವೈಜನಾಥ


ಬಸವಕಲ್ಯಾಣ
೨೦ ಅಕ್ಟೋಬರ್ ೧೯೭೫

ವೈಜನಾಥ ಸಾವಕಾರರಿಗೆ ಮೊಹಿನುದ್ದೀನನ ಶರಣಾರ್ಥಿ.

ಸಿಹಿಗಿಹಿ ಕಳಿಸಬೇಡಿ ಎಂದು ಬರೆದಿರಿ. ಸರ್ದಾರಬಿ ಬಿದ್ದು ಬಿದ್ದು ನಕ್ಕಳು. ನಕ್ಕು ಕೆಮ್ಮು ಬಂತು. ನಮ್ಮ ಯುಗಾದಿ ಮರ್ಯಾದೆ ತಿನ್ನುವಂಥದ್ದಲ್ಲ. ಇರಲಿ, ನಿಮ್ಮ ವರ್ಷ ಕಳೆಯಲಿ, ಕೈಯಲ್ಲೇ ಕೊಡುತ್ತೇನೆ.

ಬಜಾರಿನ ಸುದ್ದಿ ಬರೆಯುತ್ತೇನೆ, ನಿಮ್ಮ ತಂದೆಗೆ ಹೇಳುತ್ತಿದ್ದೆ, ಈಗ ಹೇಳಲು ಯಾರೂ ಇಲ್ಲ. ಎದುರಿನ ಎಲೆಯಡಿಕೆ ಅಂಗಡಿ ಹೋಯಿತು. ಅಲ್ಲಿ ಅಜೀಮುದ್ದೀನ್ ಎಂಬ ಹುಡುಗ ರೇಡಿಯೋ ಅಂಗಡಿ ಹಾಕಿದ್ದಾನೆ. ಗಾಜಿನ ಕಪಾಟು, ಟ್ಯೂಬ್‌ಲೈಟು, ಬೆಳಗಾದರೆ ಹಾಡು. ಒಳ್ಳೆಯ ಹುಡುಗ, ಆದರೆ ಅವನ ಹಾಡಿನಲ್ಲಿ ನನ್ನ ಮಾತು ನನಗೇ ಕೇಳುವುದಿಲ್ಲ. ಹಲಗೆ ಬಾಗಿಲುಗಳು ಒಂದೊಂದಾಗಿ ಹೋಗಿ ತಗಡಿನ ಶಟರ್ ಬಂದಿವೆ. ಮೊದಲು ಬೆಳಗ್ಗೆ ಹಲಗೆ ತೆಗೆಯುತ್ತ ತೆಗೆಯುತ್ತ ಎದುರುಬದುರು ಮಾತಾಡುತ್ತಿದ್ದೆವು. ಯಾರ ಮನೆಯಲ್ಲಿ ಏನು, ಯಾರಿಗೆ ಜ್ವರ, ಎಲ್ಲ ಆಗ ತಿಳಿಯುತ್ತಿತ್ತು. ಈಗ ಒಂದೇ ಜಗ್ಗು, ಗುಡುಗಿದ ಹಾಗೆ ಶಬ್ದ, ಅಂಗಡಿ ತೆರೆಯಿತು. ಹಲಗೆ ಬಾಗಿಲು ಉಳಿದಿರುವುದು ನನಗೆ ಮತ್ತು ಅಂಬುಬಾಯಿಗೆ. "ನಾವಿಬ್ಬರೂ ಸತ್ತರೆ ಈ ಹಲಗಿ ಹೊಂದಿಸಾಕ ಯಾರಿಗೂ ಬರೂದಿಲ್ಲ ಭಯ್ಯಾ" ಎನ್ನುತ್ತಾಳೆ ಅಂಬುಬಾಯಿ.

ನನ್ನ ವ್ಯಾಪಾರ ನಡೆದಿದೆ. ಗಿರಾಕಿ ಬರುತ್ತಾರೆ, ಹೋಗುತ್ತಾರೆ. ಮೊನ್ನೆ ಒಬ್ಬ ಮದುಮಗ ಬಂದು ಟೆರಿಲಿನ್ ಅಂಗಿ ಎಲ್ಲಿ ಸಿಗುತ್ತದೆ ಎಂದು ನನ್ನನ್ನೇ ಕೇಳಿದ. ತೋರಿಸಿ ಕಳಿಸಿದೆ.

ಕಳೆದ ವಾರ ನೀವು ಬಂದಿದ್ದಿರಿ. ಅಜೀಮುದ್ದೀನನ ಅಂಗಡಿಯ ಮುಂದೆ ನಿಂತಿದ್ದಿರಿ, ಜೊತೆಗೆ ಕೊಡೆ ಹಿಡಿದ ಒಬ್ಬರಿದ್ದರು. ಇನ್ನೊಬ್ಬರು ನಮ್ಮ ಕಟ್ಟಡದ ಮುಂದೆ ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಥೇಟ್ ತಂದೆಯ ನಿಲುವು ನಿಮ್ಮದು, ನೋಡಿದ ಕೂಡಲೇ ಗುರುತು ಹಿಡಿದೆ. ಕರೆದೆ. ರೇಡಿಯೋ ಹಚ್ಚಿದ್ದರಿಂದ ಕೇಳಿಸಲಿಲ್ಲವೇನೋ. ಚಹಕ್ಕೆ ಹೇಳಿದ್ದೆ. ಅದು ಆರಿತು, ನಾನೇ ಕುಡಿದೆ.

ಮೊಹಿನುದ್ದೀನ್


ಹುಮನಾಬಾದ್
೧೪ ನವೆಂಬರ್ ೧೯೭೫

ಮೊಹಿನುದ್ದೀನ್ ಚಾಚಾ ಅವರಿಗೆ,

ಆ ದಿನ ಅವಸರದಲ್ಲಿದ್ದೆ. ಬೇಸರ ಮಾಡಿಕೊಳ್ಳಬೇಡಿ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಕಲ್ಯಾಣದ ಕಟ್ಟಡವನ್ನು ಮಾರುವ ವಿಚಾರವಿದೆ. ಇನ್ನೂ ಯಾವುದೂ ನಿಕ್ಕಿಯಾಗಿಲ್ಲ. ಸೋಲಾಪುರದ ಕಡೆಯವರು ಕೇಳುತ್ತಿದ್ದಾರೆ. ಹಳೆಯದನ್ನು ಕೆಡವಿ ಕೆಳಗೆ ಅಂಗಡಿಗಳ ಸಾಲು, ಮೇಲೆ ಲಾಡ್ಜು ಕಟ್ಟುತ್ತಾರಂತೆ. ಬಜಾರಿನಲ್ಲಿ ಜಾಗದ ಬೆಲೆ ಏರಿದೆ. ಆ ಕಟ್ಟಡ ಮಾತ್ರ ಇದ್ದ ಹಾಗೇ ಇದೆ, ಮಳೆಗಾಲಕ್ಕೊಮ್ಮೆ ಗೋಡೆ ಬೀಳುತ್ತದೆ, ಬಾಡಿಗೆಯೆಲ್ಲ ಹೆಂಚು ಹೊದಿಸುವುದರಲ್ಲೇ ಹೋಯಿತು. ಇಲ್ಲಿ ಮಿಲ್ಲಿಗೆ ಹೊಸ ಯಂತ್ರ ಬೇಕಾಗಿದೆ. ಅಪ್ಪ ಇದ್ದಿದ್ದರೆ ಮಾರುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೆ ಅಪ್ಪ ಇಲ್ಲ.

ಯುಗಾದಿಯೊಳಗೆ ಅಂಗಡಿ ಖಾಲಿ ಮಾಡಿಕೊಟ್ಟರೆ ಉಪಕಾರವಾದೀತು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಕೋಲಿ, ಸಣ್ಣ ಕೋಣೆ, ನೋಡಿಡಲು ದಲಾಲನಿಗೆ ಹೇಳಿದ್ದೇನೆ. ಜನ ಓಡಾಡುವ ಜಾಗ, ನಿಮ್ಮ ವ್ಯಾಪಾರಕ್ಕೆ ಇನ್ನೂ ಒಳ್ಳೆಯದೇ ಆದೀತು.

ನಿಮ್ಮ ವೈಜನಾಥ


ಬಸವಕಲ್ಯಾಣ
೨೨ ನವೆಂಬರ್ ೧೯೭೫

ವೈಜನಾಥ ಸಾವಕಾರರಿಗೆ,

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನನಗೆ ಕನ್ನಡ ಸರಿಯಾಗಿ ಬರಲಿಕ್ಕಿಲ್ಲ ಎಂದು ಅಂಬುಬಾಯಿಯ ಸೊಸೆಯ ಕೈಯಲ್ಲೂ ಓದಿಸಿದೆ. ಅದೇ ಇತ್ತು.

ನಿಮ್ಮ ತಗಡಿನ ಕೋಲಿ ನೋಡಿ ಬಂದೆ. ಅಲ್ಲಿಯ ಬೋರಿನ ನೀರನ್ನು ಬಾಯಿಗೆ ಹಾಕಿಕೊಂಡೆ, ಉಪ್ಪು. ನೀವು ಬೇಳೆಯವರು, ನೀರಿನ ಮಾತು ಹೇಳಿದರೆ ತಿಳಿಯುತ್ತದೆ. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲವಲ್ಲ, ಹಾಗೆ. ಪುಡಿಬಣ್ಣ ಯಾವ ನೀರಿಗಾದರೂ ಕೂಡುತ್ತದೆ. ಕುಸುಬಿ ಹೂವಿನ ಬಣ್ಣ ಕೂಡುವುದಿಲ್ಲ. ಎಸಳನ್ನು ಹಳದಿ ಪೂರ್ತಿ ಬಿಡುವ ತನಕ ಸಿಹಿನೀರಿನಲ್ಲಿ ತೊಳೆಯಬೇಕು, ಹಪ್ಪಳಕ್ಕೆ ಹಾಕುವ ಕ್ಷಾರ ಹಾಕಿ ತಿಕ್ಕಬೇಕು, ಕಡೆಗೆ ನಿಂಬೆಹುಳಿ ಬಿದ್ದಾಗ ಕೆಂಪು ಏಳುತ್ತದೆ. ಆ ಕೆಂಪು ಬಜಾರಿನಲ್ಲೆಲ್ಲೂ ಸಿಗುವುದಿಲ್ಲ. ಅದು ನಿಮ್ಮ ಹಿತ್ತಲ ಬಾವಿಯ ನೀರಿನದು. ನಾನು ಎಲ್ಲಿಗಾದರೂ ಹೋದೇನು, ಬಾವಿಯನ್ನು ಹೊತ್ತುಕೊಂಡು ಹೋಗಲೇ?

ಇನ್ನೊಂದು ಮಾತು. ಹೇಳಬಾರದೆಂದಿದ್ದೆ, ಹೇಳುವ ಹೊತ್ತು ಬಂತು. ನಾವು ಬರೀ ಬಾಡಿಗೆಯವರಲ್ಲ ಸಾವಕಾರರೇ. ನಮ್ಮ ಅಬ್ಬಾ ಈ ಅಂಗಡಿ ಹಿಡಿದಾಗ ನಿಮ್ಮ ಅಜ್ಜನವರಿಗೆ ಪಗಡಿ ಕೊಟ್ಟಿದ್ದಾರೆ. ಅವರ ಹಿಂದೆ ನಿಮ್ಮ ತಂದೆಗೆ ನಾನು ಪಗಡಿ ಕೊಟ್ಟಿದ್ದೇನೆ. ಪಗಡಿ ತೆಗೆದುಕೊಂಡ ಮನೆಯವರು ಕೊಟ್ಟವನನ್ನು ಬೀದಿಗೆ ಎಬ್ಬಿಸುವುದು ಯಾವ ರೀತಿ? ನೀವು ಮರೆತಿರಬಹುದು. ನಾನು ಮರೆಯುವವನಲ್ಲ.

ಮೊಹಿನುದ್ದೀನ್


ಹುಮನಾಬಾದ್
೯ ಡಿಸೆಂಬರ್ ೧೯೭೫

ಶ್ರೀ ಮೊಹಿನುದ್ದೀನ್ ರಂಗರೇಜ ಇವರಿಗೆ,

ನಿಮ್ಮ ಪತ್ರ ತಲುಪಿತು. ನೀರಿನ ಮಾತು ತಿಳಿಯಿತು. ಎರಡನೆಯ ಮಾತನ್ನು ನಿಮ್ಮಿಂದ ನಿರೀಕ್ಷಿಸಿರಲಿಲ್ಲ.

ವಕೀಲರನ್ನು ಕೇಳಿದೆ. "ಅಂಥಾ ವ್ಯವಹಾರದ ಮಾತು ಕಾಗದದ ಮ್ಯಾಲ ತರಬ್ಯಾಡ್ರಿ" ಎಂದರು. ಹಾಗಾಗಿ ಆ ಶಬ್ದ ಬರೆಯುವುದಿಲ್ಲ. ನನ್ನ ತಂದೆ ನಿಮ್ಮಿಂದ ಅಂಥದ್ದೇನನ್ನೂ ಮುಟ್ಟಿದವರಲ್ಲ. ಅವರು ಎಂಥವರೆಂದು ಎರಡೂ ಊರಿಗೆ ಗೊತ್ತಿದೆ. ನೀವು ಹೇಳುವುದು ನಿಜವಾದರೆ ರಸೀತಿ ತೋರಿಸಿ. ರಸೀತಿ ಇಲ್ಲದಿದ್ದರೆ ಸಾಕ್ಷಿ ತನ್ನಿ. ಸತ್ತವರು ಎದ್ದು ಬಂದು ಹೇಳಲಾರರು ಎಂದು ಈಗ ಎತ್ತುತ್ತಿದ್ದೀರಿ. ಅವರ ಕಟ್ಟೆಯ ಮೇಲೆ ಕೂತು ಅಕ್ಷರ ಕಲಿತವರು ಅದೇ ಅಕ್ಷರದಲ್ಲಿ ಅವರಿಗೆ ಮಸಿ ಬಳಿಯುತ್ತೀರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಖಾಲಿ ಮಾಡುವ ಮಾತಿನಲ್ಲಿ ಬದಲಿಲ್ಲ.

ವೈಜನಾಥ ಮಹಾರುದ್ರಪ್ಪ


ಬಸವಕಲ್ಯಾಣ
೧೬ ಡಿಸೆಂಬರ್ ೧೯೭೫

ಸಾವಕಾರರಿಗೆ,

"ಸಿಟ್ಟಿನ್ಯಾಗ ಬರೀಬ್ಯಾಡ್ರಿ, ನಾಳಿ ಬರೀರಿ" ಎಂದಳು ಸರ್ದಾರಬಿ. ನಾಳೆಯೂ ಇದೇ ಸಿಟ್ಟು ಇರುತ್ತದೆ, ಇಂದೇ ಬರೆಯುತ್ತೇನೆ.

ರಸೀತಿ ಕೇಳಿದಿರಿ. ಇಷ್ಟು ವರ್ಷ ಬದುಕಿದ್ದಕ್ಕೆ ಇವತ್ತು ಇದೂ ಕೇಳಬೇಕಾಯಿತು. ಪಗಡಿಗೆ ಯಾರಾದರೂ ರಸೀತಿ ಬರೆಸುತ್ತಾರೆಯೇ? ಸಾಕ್ಷಿ ಬೇಕೇ? ಇಡೀ ಬಜಾರು ಸಾಕ್ಷಿ. ಒಂದು ಸಲವಲ್ಲ, ವರ್ಷಾವರ್ಷ, ಹಾಡುಹಗಲಿನಲ್ಲಿ, ಎಲ್ಲರ ಎದುರಿಗೆ ಕೊಟ್ಟಿದ್ದೇನೆ. ಅಂಬುಬಾಯಿ ನೋಡಿದ್ದಾಳೆ. ನಿಮ್ಮ ತಂದೆ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಯ ಮೇಲೆ ಇಟ್ಟುಕೊಂಡಿದ್ದಾರೆ. ನೀವು ಅವರು ಮುಟ್ಟಲೇ ಇಲ್ಲ ಎನ್ನುತ್ತೀರಿ!

ಯಾಕೆ ಮುಟ್ಟಬಾರದಿತ್ತು? ನಮ್ಮ ಕೈಯದು ಎಂದೇ? ನಿಮ್ಮ ಅಜ್ಜ ಹಾಗೆ ಅನ್ನಲಿಲ್ಲ, ತಂದೆ ಅನ್ನಲಿಲ್ಲ. ನಿಮ್ಮ ಬಾಯಲ್ಲಿ ಈ ಮಾತು ಬಂತು. ಹುಮನಾಬಾದಿನ ನೀರೂ ಉಪ್ಪೇ ಇರಬೇಕು.

ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಕೊಟ್ಟಿದ್ದೇನೆ. ಕೋರ್ಟಿನ ಕಟ್ಟೆ ಹತ್ತಿಸಿ ಕೇಳಿದರೂ ಅದನ್ನೇ ಹೇಳುತ್ತೇನೆ. ಅಂಗಡಿ ಬಿಡುವುದಿಲ್ಲ.

ಮೊಹಿನುದ್ದೀನ್, ಗಯಾಸುದ್ದೀನನ ಮಗ


ಬಸವಕಲ್ಯಾಣ
೨ ಮಾರ್ಚ್ ೧೯೭೬

ವೈಜನಾಥ ಸಾವಕಾರರಿಗೆ ಮೊಹಿನುದ್ದೀನನ ಸಲಾಮು, ಸಾವಿರ ಸಲ ಸಲಾಮು.

ನೀವು ಉತ್ತರ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಇವತ್ತು ತಿಳಿಯಿತು. ತಿಳಿದ ಕೂಡಲೇ ಬರೆಯಲು ಕೂತಿದ್ದೇನೆ, ಅವಸರದಲ್ಲಿ ಅಕ್ಷರ ಕೆಟ್ಟರೆ ಮಾಫ್ ಮಾಡಿ.

ಇವತ್ತು ಎದುರಿನ ಅಜೀಮುದ್ದೀನ್ ಚಹ ಕುಡಿಯಲು ನನ್ನ ಕಟ್ಟೆಗೆ ಬಂದ. ಅವನ ಮುಂದೆ ಹೊಟ್ಟೆಯೊಳಗಿನದನ್ನೆಲ್ಲ ತೋಡಿಕೊಂಡೆ. ನೋಡೋ, ವರ್ಷಾವರ್ಷ ಪಗಡಿ ಕೊಟ್ಟರೂ ಇಲ್ಲ ಎನ್ನುತ್ತಾರೆ ಎಂದೆ. ಅವನು ಗ್ಲಾಸು ಕೆಳಗಿಟ್ಟ.

"ವರ್ಷಾವರ್ಷ ಪಗಡೀ? ಎಷ್ಟು ಕೊಟ್ರಿ ಚಾಚಾ?"

"ಎಷ್ಟು ಅಂದ್ರ? ಒಂದು. ವರ್ಷಕ್ಕ ಒಂದು. ತಲಿ ಎಷ್ಟು ಅದಾವು?"

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಸಣ್ಣ ಹುಡುಗನಿಗೆ ಹೇಳುವ ಹಾಗೆ ಹೇಳಿದ: "ಚಾಚಾ, ಅಂಗಡಿ ಮಾತಿನ್ಯಾಗ ಪಗಡಿ ಅಂದ್ರ ಈಗ ರೊಕ್ಕರಿ. ಬಾಡಿಗಿ ಬ್ಯಾರೆ, ಪಗಡಿ ಬ್ಯಾರೆ. ಅಂಗಡಿ ಹಿಡಿಯಾಕ ಮಾಲಕರ ಕೈಯಾಗ ಗುಟ್ಟಿಲೆ ಇಡೂದು. ನಾನೂ ಇಟ್ಟೀನಿ. ಅದಕ್ಕ ರಸೀತಿ ಇರೂದಿಲ್ಲ, ಗೊತ್ತಾದ್ರ ಮಾಲಕರಿಗಿ ಜೇಲ್."

ಯಾ ಅಲ್ಲಾ! ಮೊದಲು ನನಗೆ ನಗು ಬಂತು. ಆಮೇಲೆ ನಾನು ನಿಮಗೆ ಬರೆದದ್ದೆಲ್ಲ ಒಂದೊಂದಾಗಿ ನೆನಪಾಯಿತು. ಪಗಡಿ ಕೊಟ್ಟಿದ್ದೇನೆ. ಬಜಾರು ಸಾಕ್ಷಿ. ಕೋರ್ಟಿನಲ್ಲಿ ಹೇಳುತ್ತೇನೆ. ನಿಮ್ಮ ಕಿವಿಯಲ್ಲಿ ಅದು ಹ್ಯಾಗೆ ಕೇಳಿಸಿರಬೇಕು! ಸತ್ತ ತಂದೆಯ ಹೆಸರು ಹಿಡಿದು ಹೆದರಿಸುವ ನೀಚ ಎಂದು ತಿಳಿದಿರಿ. ನಾನು ನಿಮ್ಮನ್ನು ನಮ್ಮ ಕೈಯದು ಮುಟ್ಟದವರು ಎಂದು ತಿಳಿದೆ. ಇಬ್ಬರಿಗೂ ಬುದ್ಧಿ ಇರಲಿಲ್ಲ.

ನಾನು ಕೊಟ್ಟದ್ದು ಬಟ್ಟೆ, ಸಾವಕಾರರೇ. ನೀವು ರುಮಾಲು ಎನ್ನುತ್ತೀರಿ, ನಾವು ಪಗಡಿ ಎನ್ನುತ್ತೇವೆ. ತಲೆಗೆ ಸುತ್ತುವ ಪಗಡಿ, ಕುಸುಬಿ ಹೂವಿನ ಕೆಂಪು. ಕುಸುಬಿ ಬಣ್ಣ ಬಿಸಿಲು ತಡೆಯುವುದಿಲ್ಲ, ವರ್ಷ ತುಂಬುವುದರೊಳಗೆ ಬಿಟ್ಟುಹೋಗುತ್ತದೆ. ಅದಕ್ಕೇ ನಮ್ಮ ಅಬ್ಬಾ ಅಂಗಡಿ ಹಿಡಿದ ದಿನ ನಿಮ್ಮ ಅಜ್ಜನವರಿಗೆ, "ಬಣ್ಣ ಹೋದಂಗೆಲ್ಲ ಹೊಸಾದು ಕೊಡ್ತೀನ್ರಿ, ನಾವು ಇರೂ ತನಾ" ಎಂದು ಮಾತು ಕೊಟ್ಟಿದ್ದರು. ಅದೇ ಯುಗಾದಿಯ ಮರ್ಯಾದೆ. ನಿಮ್ಮ ತಂದೆ ತಲೆಯ ಮೇಲೆ ಇಟ್ಟುಕೊಂಡರು ಎಂದು ಬರೆದೆನಲ್ಲ, ನಿಜವಾಗಿಯೂ ತಲೆಯ ಮೇಲೆಯೇ. ಪಗಡಿಯನ್ನು ಮತ್ತೆಲ್ಲಿ ಇಡುತ್ತಾರೆ?

ಇನ್ನೊಂದು ಸುಳ್ಳು ಬರೆದಿದ್ದೆ, ಅದನ್ನೂ ತೆಗೆದುಬಿಡುತ್ತೇನೆ. ಗಿರಾಕಿ ಬರುತ್ತಾರೆ, ಹೋಗುತ್ತಾರೆ ಎಂದಿದ್ದೆ. ಯಾರೂ ಬರುವುದಿಲ್ಲ. ಮದುವೆಗೆ ಹ್ಯಾಟು ಹಾಕಿಕೊಳ್ಳುವ ಕಾಲ ಬಂದಿದೆ. ಸರ್ದಾರಬಿ ಕೌದಿ ಹೊಲಿಯುವುದರಲ್ಲಿ ನಿಮ್ಮ ಬಾಡಿಗೆ ಹುಟ್ಟುತ್ತದೆ. ಹಾಗಾದರೆ ಅಂಗಡಿ ಯಾಕೆ ಬೇಕು ಎಂದು ನೀವು ಕೇಳಬಹುದು. ಬೆಳಗ್ಗೆ ಎದ್ದು ಹಲಗೆ ತೆಗೆದು ಕೂತರೆ ನಾನು ರಂಗರೇಜ. ಹಲಗೆ ತೆಗೆಯದಿದ್ದರೆ ನಾನು ಯಾರು ಎಂದು ನನಗೆ ಗೊತ್ತಾಗುವುದಿಲ್ಲ. ನಾವಿಬ್ಬರೂ ಬಹಳ ದಿನ ಇರುವವರಲ್ಲ. ನಾವು ಇರುವ ತನಕ ಬಿಡಿ, ಆಮೇಲೆ ಲಾಡ್ಜು ಕಟ್ಟಿಸಲಿ, ಏನಾದರೂ ಕಟ್ಟಿಸಲಿ. ಇಷ್ಟೇ ಬೇಡುವುದು.

ಬೇಗ ಬರೆಯಿರಿ. ಕೊಡೆ ಹಿಡಿದವರು ನಿನ್ನೆಯೂ ಬಂದಿದ್ದರು. ಬಾವಿಯೊಳಗೆ ಬಗ್ಗಿ ನೋಡಿ, "ಇದನ್ನ ಮುಚ್ಚಾಕ ಎಷ್ಟು ಗಾಡಿ ಮಣ್ಣು ಬೇಕಾದೀತು?" ಎನ್ನುತ್ತಿದ್ದರು.

ನಿಮ್ಮ ಮೊಹಿನ್


ಹುಮನಾಬಾದ್
೧೧ ಜುಲೈ ೧೯೭೬

ಚಾಚಾ,

ನಿಮ್ಮ ಮಾರ್ಚ್ ತಿಂಗಳ ಪತ್ರ ಬಂದಾಗ ನಾನು ಒಡೆಯಲಿಲ್ಲ. ಕವರಿನ ಮೇಲೆ ನಿಮ್ಮ ಅಕ್ಷರ ನೋಡಿ, ಮತ್ತೆ ಅದೇ ಪಗಡಿ, ಅದೇ ಕೋರ್ಟು ಎಂದು ಗಲ್ಲಾಪೆಟ್ಟಿಗೆಯ ಕೆಳಗೆ ತಳ್ಳಿದೆ. ಈ ಮುದುಕ ಕೋರ್ಟಿಗೆ ಹೋಗುವುದರೊಳಗೆ ಕೈ ತೊಳೆದುಕೊಂಡರೆ ಸಾಕು ಎಂದು ಆ ವಾರವೇ ರಿಜಿಸ್ಟ್ರಿ ಮಾಡಿಸಿದೆ. ಮೊದಲು ನಿಕ್ಕಿಯಾಗಿಲ್ಲ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು. ಆಗಲೇ ಮುಂಗಡ ಬಯಾನಾ ತೆಗೆದುಕೊಂಡಿದ್ದೆ.

ಯುಗಾದಿಯ ದಿನ ಅವ್ವ ಬೇವು-ಬೆಲ್ಲ ಕೊಡುತ್ತ ಕೇಳಿದಳು: "ಈ ವರ್ಷಾನೂ ಮೊಹಿನುದ್ದೀನನ ಪಗಡಿ ಬರಲಿಲ್ಲಲ್ಲೋ?" ನನ್ನ ಕೈಯಲ್ಲಿದ್ದದ್ದು ಕೈಯಲ್ಲೇ ಉಳಿಯಿತು. ಯಾವ ಪಗಡಿ ಎಂದೆ. "ಯಾವ ಪಗಡಿ ಅಂದ್ರ? ನಿಮ್ಮಪ್ಪ ಸುತಗೋತಿದ್ದ ಕೆಂಪು ರುಮಾಲು. ಯುಗಾದಿ ಬಂತಂದ್ರ ಕಲ್ಯಾಣಕ್ಕ ಹೋಗಿ ಪಗಡಿ ತರ್ತೀನಿ ಅಂತ ಸಣ್ಣ ಹುಡುಗನ್ಹಂಗ ಕುಣೀತಿದ್ರು." ಹೋಗಿ ಗಲ್ಲಾಪೆಟ್ಟಿಗೆ ಸರಿಸಿ ನಿಮ್ಮ ಪತ್ರ ತೆಗೆದು ಓದಿದೆ.

ಚಾಚಾ, ಅಪ್ಪನನ್ನು ಮಣ್ಣಿಗೆ ಒಯ್ಯುವ ಮೊದಲು ಕೂರಿಸಿದಾಗ ತಲೆಗೆ ಆ ಕೆಂಪು ರುಮಾಲು ಇಟ್ಟವನು ನಾನೇ. ಒಳಗಿನ ಪೆಟ್ಟಿಗೆಯಿಂದ ಅವ್ವ ತೆಗೆದುಕೊಟ್ಟಳು, ನಾನು ಇಟ್ಟೆ. ಬಣ್ಣ ಸ್ವಲ್ಪ ಹೋಗಿದೆಯಲ್ಲ ಎಂದು ಅಂದುಕೊಂಡದ್ದೂ ನೆನಪಿದೆ. ಅದನ್ನು ಕೊಟ್ಟವನಿಗೇ ನಾನು ರಸೀತಿ ಕೇಳಿದೆ.

ಮರುದಿನವೇ ಕಲ್ಯಾಣಕ್ಕೆ ಬಂದು ಸೋಲಾಪುರದವರನ್ನು ಕಂಡೆ. ಬೇಡ, ವಾಪಸ್ ಕೊಡಿ ಎಂದೆ. ಅವರು ನನಗೇ ಚಹ ತರಿಸಿಕೊಟ್ಟರು, ನಕ್ಕರು. "ಬಾವ್ಯಾಗಿಂದ ಮಣ್ಣು ವಾಪಸ್ ತಗೀರಿ ಅಂದ್ರ ಆಗ್ತದೇನ್ರಿ ಸಾವಕಾರ್ರ?" ಎಂದರು. ಅಂಗಡಿಯ ಗೋಡೆ ಕೆಡವಿ ಬಾವಿಯನ್ನು ಆಗಲೇ ಮುಚ್ಚಿದ್ದರು. ನೀವು ತಗಡಿನ ಕೋಲಿಗೆ ಸಾಮಾನು ಸಾಗಿಸುತ್ತಿದ್ದೀರಿ ಎಂದು ಅಲ್ಲೇ ತಿಳಿಯಿತು. ಬಸ್ ಸ್ಟ್ಯಾಂಡಿನ ತನಕ ಬಂದೆ. ನೀವು ತಲೆಯ ಮೇಲೆ ಹಂಡೆ ಹೊತ್ತು ಹೋಗುತ್ತಿದ್ದಿರಿ. ನನಗೆ ಎದುರಿಗೆ ಬರಲು ಮುಖವಿರಲಿಲ್ಲ, ಹುಮನಾಬಾದ್ ಬಸ್ ಹತ್ತಿದೆ. ಅಂದಿನಿಂದ ಬರೆಯಬೇಕೆಂದು ಕೂತು ಕೂತು ಎದ್ದಿದ್ದೇನೆ.

ಒಂದು ಮನಿ ಆರ್ಡರ್ ಕಳಿಸಿದ್ದೇನೆ. ಅಂಗಡಿ ಬಿಡುವವರಿಗೆ ಮಾಲೀಕರು ಕೊಡುವ ಪದ್ಧತಿ ಈಗ ಇದೆ. ಇಲ್ಲ ಎನ್ನಬೇಡಿ. ಮತ್ತು ಒಂದು ಬೇಡಿಕೆ. ಅಪ್ಪನಿಗಾಗಿ ತಯಾರು ಮಾಡಿ ಸಂದೂಕದಲ್ಲಿಟ್ಟಿದ್ದೇನೆ ಎಂದು ಬರೆದಿದ್ದಿರಲ್ಲ, ಆ ಪಗಡಿಯನ್ನು ನನಗೆ ಕಳಿಸುತ್ತೀರಾ? ನನಗೆ ಸುತ್ತಲು ಬರುವುದಿಲ್ಲ. ಆದರೂ ಕಳಿಸಿ.

ವೈಜನಾಥ


ಬಸವಕಲ್ಯಾಣ, ಬಸ್ ಸ್ಟ್ಯಾಂಡಿನ ಹಿಂದೆ
೪ ಮಾರ್ಚ್ ೧೯೭೭

ಬೇಟಾ ವೈಜನಾಥ,

ಈಗ ನೀನು ನನ್ನ ಮಾಲೀಕನಲ್ಲ, ನಾನು ನಿನ್ನ ಬಾಡಿಗೆಯವನಲ್ಲ. ಅದಕ್ಕೇ ಹೆಸರು ಹಿಡಿದು, ನೀನು ಎಂದು ಬರೆಯುತ್ತಿದ್ದೇನೆ. ಹಂಡೆಯಲ್ಲಿ ಕೈ ಅದ್ದಿದ ಹುಡುಗನಿಗೆ ಬರೆದ ಹಾಗೆ.

ಮನಿ ಆರ್ಡರ್ ತಿರುಗಿ ಬಂದಿರಬೇಕು. ಸಿಟ್ಟಿನಿಂದ ತಿರುಗಿಸಲಿಲ್ಲ. ಸರ್ದಾರಬಿಯನ್ನು ಕೇಳಿದೆ. "ಸಾವಕಾರ್ರು ಕಳಿಸಿದ ಪಗಡಿ ನಮ್ಮ ತಲಿಗಿ ಆಗೂದಿಲ್ಲ ಅಂತ ಬರೀರಿ" ಎಂದಳು. ಬರೆದಿದ್ದೇನೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ ಬರೆಯಲು ಏನೂ ಇರಲಿಲ್ಲ. ನಮ್ಮ ಅಂಗಡಿಯ ಗೋಡೆ ಕೆಡವಿದ ಕಲ್ಲು ಮಣ್ಣನ್ನೇ ಬಾವಿಗೆ ತುಂಬಿದರು, ಹೊರಗಿನಿಂದ ಗಾಡಿ ತರಿಸುವ ಖರ್ಚು ಉಳಿಯಿತು. ನಿನ್ನ ತಂದೆ ಕೂರುತ್ತಿದ್ದ ಕಟ್ಟೆಯ ಕಲ್ಲೂ ಅದರಲ್ಲೇ ಹೋಯಿತು. ಅಂಬುಬಾಯಿ ಭಟ್ಟಿ ಮುಚ್ಚಿ ಮಗಳ ಊರು ದುಬಲಗುಂಡಿಗೆ ಹೋದಳು. ಹೋಗುವಾಗ ಹಲಗೆಗಳನ್ನು ನನಗೆ ಕೊಟ್ಟಳು, ಚಳಿಗೆ ಒಲೆಗೆ ಹಾಕಿದೆವು.

ಈಗ ಅಲ್ಲಿ ಅಂಗಡಿಗಳ ಸಾಲು ಎದ್ದಿದೆ. ಎಲ್ಲಕ್ಕೂ ಶಟರ್. ದೀಪಾವಳಿಯ ಮೊದಲು ಕಂತ್ರಾಟದಾರ ನನ್ನ ಕೋಲಿಗೆ ಬಂದ. "ನೀವು ಬಣ್ಣದವರಂತಲ್ರಿ, ಶಟರಿಗಿ ಬಣ್ಣ ಹಚ್ಚಾಕ ಬರ್ತೀರೇನು?" ಎಂದು ಕೇಳಿದ. ನಾನು ಬಟ್ಟೆಯ ಬಣ್ಣದವನು ಎಂದೆ. "ಬಣ್ಣ ಬಣ್ಣಾನೇ ಅಲ್ಲೇನ್ರಿ?" ಎಂದ. ಸರ್ದಾರಬಿಗೆ ಔಷಧ ತರಬೇಕಾಗಿತ್ತು, ಕೌದಿ ಹೊಲಿಯಲು ಅವಳ ಕೈಲಾಗುವುದಿಲ್ಲ. ಹೋದೆ. ನನ್ನ ಅಂಗಡಿ ಇದ್ದ ಜಾಗದ ಶಟರಿಗೂ ನಾನೇ ಬಣ್ಣ ಬಳಿದೆ, ಹಸಿರು ಎಣ್ಣೆಬಣ್ಣ. ಅಜೀಮುದ್ದೀನ್ ಎದುರಿನಿಂದ ನೋಡಿದ. ಒಳಗೆ ಹೋಗಿ ರೇಡಿಯೋ ಬಂದ್ ಮಾಡಿದ. ಆ ಎಣ್ಣೆಬಣ್ಣ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಉಗುರಿನಿಂದ ಹೋಗುವುದಿಲ್ಲ.

ನಿನ್ನ ಮೇಲೆ ಸಿಟ್ಟು ಉಳಿದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಪ್ರೀತಿಯೂ ಮೊದಲಿನಂತಿಲ್ಲ. ಬಸ್ ಸ್ಟ್ಯಾಂಡಿನ ತನಕ ಬಂದು ಹೋದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಪತ್ರ ಮಡಿಚಿಟ್ಟೆ. ಬಂದಿದ್ದರೆ ಹಂಡೆಯ ಒಂದು ಕಡೆ ಹಿಡಿಯಬಹುದಿತ್ತು. ಬಹಳ ಭಾರವಿತ್ತು.

ನೀನು ಪಗಡಿ ಕೇಳಿದೆ. ಕೇಳಿದವರಿಗೆ ಇಲ್ಲ ಎನ್ನಬಾರದೆಂದು, ಈಗ ಬರುವ ಯುಗಾದಿಗೆ ಕಳಿಸೋಣ ಎಂದು ಮೊನ್ನೆ ಸಂದೂಕ ತೆಗೆದು ನೋಡಿದೆ. ಈ ತಗಡಿನ ಕೋಲಿಯಲ್ಲಿ ಬಿಸಿಲು ಹಗಲೆಲ್ಲ ಬೇಯಿಸುತ್ತದೆ. ಬಣ್ಣ ಹೋಗಿದೆ. ಮಡಿಕೆಯ ಒಳಗೆ ಎಲ್ಲೋ ಸ್ವಲ್ಪ ಕೆಂಪು ಕಾಣುತ್ತದೆ, ಬಿಡಿಸಿ ಹಾಸಿದರೆ ಪೂರ್ತಿ ಬಿಳಿ. ಮತ್ತೆ ಅದ್ದೋಣ ಎಂದು ನಿರ್ಣಾದಿಂದ ಕುಸುಬಿ ಎಸಳು ತರಿಸಿದೆ. ಬೋರಿನ ನೀರಿನಲ್ಲಿ ಬರೀ ಒಂದು ಅಂಚನ್ನು ಅದ್ದಿ ನೋಡಿದೆ. ನಿಂಬೆಹುಳಿ ಬಿದ್ದ ಮೇಲೂ ಕೆಂಪು ಏಳಲಿಲ್ಲ, ಮಣ್ಣಿನ ಬಣ್ಣ ಬಂತು. ತೊಳೆದೆ. ಅದೂ ನಿಲ್ಲಲಿಲ್ಲ.

ಬಿಳಿ ಬಟ್ಟೆಯನ್ನು ಇನ್ನೊಬ್ಬರ ಮನೆಗೆ ಕಳಿಸುವುದು ನಮ್ಮಲ್ಲಿ ಒಳ್ಳೆಯದಲ್ಲ. ನೀನು ಮಕ್ಕಳೊಂದಿಗನು. ಅದಕ್ಕೇ ಕಳಿಸುತ್ತಿಲ್ಲ, ತಪ್ಪು ತಿಳಿಯಬೇಡ. ತೊಳೆದು, ಒಣಗಿಸಿ, ಮಡಿಚಿ ಸಂದೂಕದಲ್ಲೇ ಇಟ್ಟಿದ್ದೇನೆ. ಒಳ್ಳೆಯ ನೇಯ್ಗೆಯ ಬಟ್ಟೆ, ಉದ್ದವಿದೆ. ನಾನು, ಸರ್ದಾರಬಿ, ಇಬ್ಬರಲ್ಲಿ ಯಾರು ಮೊದಲು ಹೋಗುತ್ತೇವೋ ಅವರಿಗೆ ಆಗುತ್ತದೆ.

ಮೊಹಿನುದ್ದೀನ್